ತಲೆಯ ಕಡೆಯವಳು

"ಎತ್ತು" ಎಂದವಳು ಕ್ರೇನಕ್ಕನೇ, ಎತ್ತಲಾಗದೆ ಹೋದವಳೂ ಅವಳೇ. ರೋಗಿ ಮೇಷ್ಟ್ರ ಕಾಲುಗಳು ಆಸ್ಪತ್ರೆಯ ಮಂಚದಿಂದ ಸಲೀಸಾಗಿ ಮೇಲೆದ್ದವು. ಕಂಕುಳಿನಲ್ಲಿ ಕೈ ತೂರಿಸಿ ಅವಳು ಹಿಡಿದಿದ್ದ ಮೈಭಾರ ಮಾತ್ರ ಅರ್ಧಕ್ಕೆ ಬಂದು, ಅಲ್ಲೇ ನಿಂತು, ಜಾರತೊಡಗಿತು. ಹಲ್ಲು ಕಚ್ಚಿದಳು, ಮೊಣಕಾಲನ್ನು ಮಂಚಕ್ಕೆ ಒತ್ತಿದಳು. ತೋಳುಗಳು ಅವಳ ಮಾತು ಕೇಳಲಿಲ್ಲ. ಕಾಲ ಕಡೆ ಹಿಡಿದಿದ್ದವನು ಗಾಬರಿಯಿಂದ ಮುಂದಕ್ಕೆ ಬಾಗಿ ತಬ್ಬಿಕೊಂಡಿದ್ದರಿಂದ ಮೇಷ್ಟ್ರು ನೆಲಕ್ಕೆ ಬೀಳದೆ ಹಾಸಿಗೆಗೇ ವಾಪಸಾದರು. ಮೊಣಕೈ ಮಂಚದ ಕಂಬಿಗೆ ಬಡಿದು ಕೆಂಪಾಯಿತು.

"ನಾನು ಹೇಳೋಕೆ ಮುಂಚೇನೇ ಎತ್ತಿಬಿಟ್ರಲ್ಲ," ಎಂದು ಅವಳು ಅವನ ಮೇಲೆ ಹರಿಹಾಯ್ದಳು.

"ಇಲ್ಲ ಅಕ್ಕ. ನೀವು ಎತ್ತು ಅಂದ್ಮೇಲೇ ಎತ್ತಿದ್ದು," ಎಂದನು ಅವನು. ಆಪರೇಷನ್ ಥಿಯೇಟರಿನ ಅಟೆಂಡರ್, ವಾರದ ಮಟ್ಟಿಗೆ ಈ ವಾರ್ಡಿಗೆ ಎರವಲು ಬಂದವನು. ಜಗಳಕ್ಕೆ ನಿಲ್ಲುವ ಆಸಾಮಿಯಲ್ಲ.

ಲಕ್ವ ಹೊಡೆದವರು, ಸೊಂಟ ಮುರಿದುಕೊಂಡವರು ಇರುವ ಆ ವಾರ್ಡಿನಲ್ಲಿ ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಇಬ್ಬರು ಸೇರಿ ಎತ್ತಬೇಕು. ತಲೆಯ ಕಡೆಯವರಿಗೆ ಭಾರ ಹೆಚ್ಚು, ಆದ್ದರಿಂದ ಅಧಿಕಾರವೂ ಅವರದೇ. ಅವರು "ಎತ್ತು" ಎನ್ನುವವರೆಗೆ ಕಾಲ ಕಡೆಯವರು ಕೈ ಅಲ್ಲಾಡಿಸುವಂತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವಳು ತಲೆಯ ಕಡೆ ನಿಂತವಳು. ಯಾವನೋ ದಢೂತಿ ಕಂಟ್ರಾಕ್ಟರನ್ನು ಒಬ್ಬಳೇ ಎತ್ತಿ ಕೂರಿಸಿದ ದಿನ ಬಂದ ಹೆಸರು ಕ್ರೇನಕ್ಕ. ಡಾಕ್ಟರುಗಳೂ ಹಾಗೆಯೇ ಕರೆಯುತ್ತಿದ್ದರು, ಅವಳೂ ಬೀಗುತ್ತಿದ್ದಳು. ಈಗ ಅವಳಿಗೆ ಅರವತ್ತು ಹತ್ತಿರ. ಎತ್ತಲಾಗದವರನ್ನು ಇಲ್ಲಿ ಮನೆಗೆ ಕಳಿಸುವುದಿಲ್ಲ, ಕೆಳಗಿನ ಬಟ್ಟೆ ಕೋಣೆಗೆ ಕಳಿಸುತ್ತಾರೆ. ಅಲ್ಲಿ ದಿನವಿಡೀ ಚಾದರ ಮಡಚುತ್ತ ಕೂರಬೇಕು. ಮಾತಾಡಲು ಗೋಡೆಯೇ ಗತಿ. ಅಲ್ಲಿಗೆ ಹೋದವರ ಅಡ್ಡಹೆಸರು ಕೂಡ ತಿಂಗಳೊಪ್ಪತ್ತಿನಲ್ಲಿ ಎಲ್ಲರಿಗೂ ಮರೆತುಹೋಗುತ್ತಿತ್ತು.

"ಅವರನ್ನ ಯಾಕಮ್ಮ ಬೈತೀಯ," ಎಂದರು ಮೇಷ್ಟ್ರು. ಲಕ್ವದಿಂದ ಅವರ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ನಾಲಿಗೆಯ ಮೊನೆ ಮಾತ್ರ ಮೊಂಡಾಗಿರಲಿಲ್ಲ. "ಅವರು ಸರಿಯಾಗೇ ಹಿಡಿದ್ರು. ಎರಡು ಕೈನೂ ಕಾಲ ಕೆಳಗೆ. ನಿನ್ನ ಜೋಡಿ ಹಾಗೆ ಹಿಡಿಯಲ್ಲ."

"ಮತ್ತೆ ಹೇಗೆ ಹಿಡೀತಾಳೆ?"

"ಒಂದು ಕೈ ಕಾಲಿಗೆ ಕೊಡ್ತಾಳೆ. ಇನ್ನೊಂದು ನನ್ನ ಬೆನ್ನ ಕೆಳಗೆ ತೂರಿಸ್ತಾಳೆ. ಅರ್ಧಕ್ಕರ್ಧ ಭಾರ ಅವಳೇ ಹೊರೋದು. ನಿನಗೆ ಗೊತ್ತಿರಲಿಲ್ವಾ?"

"ಯಾವಾಗಿಂದ?"

"ನಾನು ಬಂದಾಗಿಂದ ನೋಡ್ತಿದೀನಿ. ಅದಕ್ಕೂ ಹಿಂದಿಂದು ನಾನೇನು ಬಲ್ಲೆ? ಮಲಗಿದೋನಿಗೆ ಬೆನ್ನೇ ಕಣ್ಣು ಕಣಮ್ಮ."

ಕ್ರೇನಕ್ಕ ಮೇಷ್ಟ್ರ ಮೊಣಕೈಗೆ ಮುಲಾಮು ಹಚ್ಚಿದಳು. "ಸಿಸ್ಟರ್‌ಗೆ ನಾನೇನೂ ಹೇಳಲ್ಲ ಬಿಡಿ ಅಕ್ಕ," ಎಂದು ಥಿಯೇಟರಿನವನು ಮೆಲ್ಲಗೆ ಹೇಳಿದಾಗ ಅವಳಿಗೆ ಭೂಮಿಗಿಳಿದುಹೋದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಅವಳ ಜೋಡಿಯ ಅಡ್ಡಹೆಸರು ರೇಡಿಯೊ. ಬೆಳಿಗ್ಗೆ ಬಂದು ಸೆರಗು ಸಿಕ್ಕಿಸಿಕೊಂಡಾಗ ಮಾತು ಶುರುವಾದರೆ ಸಂಜೆ ಗೇಟು ದಾಟುವವರೆಗೆ ನಿಲ್ಲುವುದಿಲ್ಲ. ನಾದಿನಿಯ ಒಡವೆ, ಗಂಡನ ಮಲಬದ್ಧತೆ, ಸಿಸ್ಟರಿನ ಮದುವೆ ಮುರಿದದ್ದು, ಯಾವುದೂ ಅವಳ ಹೊಟ್ಟೆಯಲ್ಲಿ ಒಂದು ಗಂಟೆ ಉಳಿದದ್ದಿಲ್ಲ. ಈಗ ಮಗಳ ಹೆರಿಗೆಗೆಂದು ರಜೆ ಹಾಕಿದ್ದಳು, ಸೋಮವಾರ ವಾಪಸು ಬರುವವಳು. ಅಂಥವಳು ಇದೊಂದನ್ನು ಯಾರಿಗೂ ಹೇಳಿರಲಿಲ್ಲ. ಕ್ರೇನಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಇವಳ್ಯಾರು ನನಗೆ ಧರ್ಮ ಮಾಡಲು? ಆಮೇಲೆ ಕಳೆದ ವರ್ಷ ರೇಡಿಯೊ ಬೆನ್ನುನೋವೆಂದು ಬೆಲ್ಟು ಕಟ್ಟಿಕೊಂಡು ಓಡಾಡಿದ್ದು ನೆನಪಾಗಿ ಸಿಟ್ಟು ಬಸಿದುಹೋಯಿತು. "ಏನೇ, ಇಷ್ಟು ಬೇಗ ಮುದುಕಿಯಾದ್ಯಾ?" ಎಂದು ಅವಳನ್ನು ಗೇಲಿ ಮಾಡಿದ್ದವಳು ಕ್ರೇನಕ್ಕನೇ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಫಿಸಿಯೊ ಮೇಡಂ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಮೇಡಂ ಅವಳ ಕೈಗೆ ಹಿಡಿತದ ಬಲ ಅಳೆಯುವ ಮುಳ್ಳಿನ ಉಪಕರಣವೊಂದನ್ನು ಕೊಟ್ಟು ಹಿಸುಕಲು ಹೇಳಿದರು. ಮುಳ್ಳು ಸ್ವಲ್ಪ ಮೇಲೆದ್ದು ಸುಸ್ತಾಗಿ ನಿಂತಿತು. ಇನ್ನೊಮ್ಮೆ ಹಿಸುಕಿದಾಗ ಅಷ್ಟೂ ಏಳಲಿಲ್ಲ.

"ಇಷ್ಟು ವರ್ಷ ಎತ್ತಿದೀನಲ್ಲ ಮೇಡಂ. ಇದಕ್ಕಿಂತ ವ್ಯಾಯಾಮ ಬೇಕಾ? ಕಬ್ಬಿಣ ಆಗಿರಬೇಕಿತ್ತು ಈ ತೋಳು."

"ದುಡಿಮೆ ಬೇರೆ, ವ್ಯಾಯಾಮ ಬೇರೆ ಅಕ್ಕ. ಮಾಂಸಖಂಡ ಬಲಿಯೋದು ಎತ್ತುವಾಗಲ್ಲ, ಎತ್ತಿ ಇಳಿಸಿ ಸುಮ್ನೆ ಕೂತಾಗ. ನೀವು ಕೂತಿದ್ದು ಯಾವಾಗ?" ಮೇಡಂ ಅವಳ ಅಂಗೈಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನ ಬುಡವನ್ನು ಒತ್ತಿದರು. ಅಲ್ಲಿ ತುಂಬಿಕೊಂಡಿರಬೇಕಾದ ಜಾಗ ತಗ್ಗಾಗಿತ್ತು. "ವಯಸ್ಸಾಗ್ತಾ ಕೆಲವು ನರದ ಎಳೆಗಳು ಸತ್ತುಹೋಗ್ತವೆ. ಅವು ನೋಡ್ಕೊಳ್ತಿದ್ದ ಮಾಂಸದ ನಾರುಗಳಿಗೆ ಎತ್ತು ಅನ್ನೋ ಸುದ್ದಿನೇ ಮುಟ್ಟಲ್ಲ. ಅಕ್ಕಪಕ್ಕದ ನರಗಳು ಒಂದಷ್ಟನ್ನ ಸೇರಿಸ್ಕೊಂಡು ಸಾಕ್ತವೆ. ಎಲ್ಲಾನೂ ಸಾಕೋಕಾಗಲ್ಲ."

"ಪಕ್ಕದವು ಸಾಕ್ತವಾ?"

"ಹ್ಞೂಂ. ಅವುಗಳಿಗೂ ಭಾರ ಆಗತ್ತೆ, ಆದ್ರೂ."

ಕ್ರೇನಕ್ಕನಿಗೆ ಕುರ್ಚಿಯಿಂದ ಏಳಲು ಮನಸ್ಸಾಗಲಿಲ್ಲ. ಮೇಡಂ ಒಂದು ರಬ್ಬರ್ ಪಟ್ಟಿ ಕೊಟ್ಟು ಎಳೆಯುವ ಬಗೆ ತೋರಿಸಿದರು. ದಿನ ಬಿಟ್ಟು ದಿನ ಮಾಡಿ, ಮೂರ್ನಾಲ್ಕು ತಿಂಗಳಲ್ಲಿ ಶಕ್ತಿ ಸ್ವಲ್ಪ ವಾಪಸ್ ಬರತ್ತೆ, ಎಂದರು.

"ಸೋಮವಾರದೊಳಗೆ ಬರಲ್ವಾ?"

ಮೇಡಂ ನಕ್ಕರು. ಅವಳು ನಗದಿರುವುದನ್ನು ನೋಡಿ ಪಟ್ಟಿಯನ್ನು ಸುತ್ತಿ ಅವಳ ಕೈಗಿಟ್ಟರು.

ಸಂಜೆ ಮನೆಯಲ್ಲಿ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಎಳೆದಳು. "ಯಾರ ಮೇಲೆ ಹಾಗೆ ಹಲ್ಲು ಕಡೀತಿದೀಯ?" ಎಂದು ಗಂಡ ಕೇಳಿದ. ಅವಳು ಪಟ್ಟಿಯನ್ನು ಇನ್ನೊಮ್ಮೆ ಎಳೆದಳು. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮೊದಲಿನಂತೆಯೇ ನಡೆಯುತ್ತದೆ. ರೇಡಿಯೊ ಭಾರ ಹೊರುತ್ತಾಳೆ, ನಾನು ಹೆಸರು ಹೊರುತ್ತೇನೆ. ಒಂದು ದಿನ ರೇಡಿಯೊಳ ಬೆನ್ನು ಕೈಕೊಟ್ಟರೆ ಇಬ್ಬರ ನಡುವೆ ಬೀಳುವುದು ಮಂಚದಲ್ಲಿರುವವರು. ಬಾಯಿ ಬಿಟ್ಟರೆ ಬಟ್ಟೆ ಕೋಣೆ. ತೋಳುಗಳು ಉರಿಯುತ್ತಿದ್ದವು, ಮಲಗಿದರೂ ಆರಲಿಲ್ಲ.

ಸೋಮವಾರ ರೇಡಿಯೊ ಬಂದಳು. ಮೊಮ್ಮಗಳು ಹುಟ್ಟಿದ್ದಾಳೆ, ಮೂಗು ಬೀಗರ ಕಡೆಯದು, ಕಿರುಚೋದು ಮಾತ್ರ ನನ್ನ ಹಾಗೆ, ಅಳಿಯ ಮಗೂನ ಮುಟ್ಟೋಕೇ ಹೆದರ್ತಾನೆ. ವರದಿ ವಾರ್ಡಿನ ಬಾಗಿಲಿನಿಂದ ಶುರುವಾಗಿ ಮೇಷ್ಟ್ರ ಮಂಚದವರೆಗೂ ಬಂತು. ಮಾತಿನ ನಡುವೆಯೇ ಅವಳು ಬಾಗಿದಳು, ಒಂದು ಕೈ ಮೊಣಕಾಲ ಕೆಳಗೆ ಹೋಯಿತು. ಇನ್ನೊಂದು ಕೈ, ಅದರ ಪಾಡಿಗೆ ಅದು, ಮೇಷ್ಟ್ರ ಬೆನ್ನ ಕೆಳಗೆ ಜಾರಿತು. ಕಣ್ಣು ಮಾತ್ರ ಬೇರೆಲ್ಲೋ ಇತ್ತು. ಮೇಷ್ಟ್ರು ಸೂರು ನೋಡುತ್ತ ಮಲಗಿದ್ದರು.

ಕ್ರೇನಕ್ಕ "ಎತ್ತು" ಎನ್ನಲಿಲ್ಲ. ಮೇಷ್ಟ್ರ ಕಂಕುಳಿನಿಂದ ಕೈ ಹಿಂತೆಗೆದುಕೊಂಡಳು.

"ನೀನು ಈ ಕಡೆ ಬಾ," ಎಂದಳು.

"ಯಾಕಕ್ಕ? ನಾನು ಯಾವತ್ತೂ ಇಲ್ಲೇ ಅಲ್ವಾ..."

"ಬಾರೇ. ಸಾಕು."

ರೇಡಿಯೊ ಅವಳ ಮುಖ ನೋಡಿದಳು, ಆಮೇಲೆ ಮೇಷ್ಟ್ರನ್ನು ನೋಡಿದಳು. ಮಂಚವನ್ನು ಬಳಸಿ ಬಂದು ತಲೆಯ ಕಡೆ ನಿಂತಳು. ಕ್ರೇನಕ್ಕ ಕಾಲ ಕಡೆಗೆ ಹೋದಳು. ಅಲ್ಲಿಂದ ನೋಡಿದರೆ ವಾರ್ಡು ಬೇರೆಯದೇ ಅನ್ನಿಸಿತು. ರೇಡಿಯೊ ಕಂಕುಳಿನಲ್ಲಿ ಕೈ ತೂರಿಸಿ ಹಿಡಿದಳು. ಇನ್ನು "ಎತ್ತು" ಎಂದು ಅವಳು ಹೇಳಬೇಕಿತ್ತು.

ಅವಳು ಹೇಳಲಿಲ್ಲ. ದಿನವಿಡೀ ಬಾಯಿ ನಿಲ್ಲದವಳಿಗೆ ಆ ಒಂದು ಮಾತು ಬರಲಿಲ್ಲ. ಕ್ರೇನಕ್ಕ ಮೇಷ್ಟ್ರ ಮೊಣಕಾಲುಗಳ ಕೆಳಗೆ ಎರಡೂ ಕೈ ಇಟ್ಟುಕೊಂಡು, ತಲೆ ಬಗ್ಗಿಸಿ, ಅವಳ ಮಾತಿಗಾಗಿ ಕಾಯುತ್ತ ನಿಂತಳು.