ಹುಲಿಯಮ್ಮ ಬೇಡಿ ತಂದ ಭತ್ತ

ಶಶಿರೇಖಾ ಆಸ್ಪತ್ರೆಯ ಬೆಂಚಿನ ಮೇಲೆ ಮುದುಡಿಕೊಂಡು ನೀರು, ನೀರು ಎನ್ನುತ್ತಿದ್ದಳು. ಹತ್ತು ವರ್ಷಕ್ಕೇ ಸಕ್ಕರೆ ಕಾಯಿಲೆ. ನಿನ್ನೆಯಿಂದ ಇನ್ಸುಲಿನ್ ಬಿದ್ದಿರಲಿಲ್ಲ. ತಾಯಿ ಚೌಡೇಶ್ವರಿ ಇಷ್ಟು ದಿನ ಕೂಲಿ ದುಡ್ಡಿನಲ್ಲಿ ಕೊಳ್ಳುತ್ತಿದ್ದಳು. ಈ ವಾರ ಕೂಲಿಯೇ ಇಲ್ಲ. ತಾಳಗುಂದದಿಂದ ಮಗಳನ್ನು ನಡೆಸಿಕೊಂಡೇ ಬಂದಿದ್ದಳು.

"ದುಡ್ಡಿಲ್ದೆ ಕೊಡಂಗಿಲ್ಲ ಕಣವ್ವಾ," ಎಂದಳು ಆಯಾ ಹುಲಿಯಮ್ಮ, ನೆಲ ನೋಡುತ್ತ.

"ಮೊದ್ಲು ಪುಗಸಟ್ಟೆ ಕೊಡ್ತಿದ್ರಲ್ಲ?"

ಕೊಡುತ್ತಿದ್ದರು. ಆಸ್ಪತ್ರೆ ನಡೆಸುವ ಈ ಟ್ರಸ್ಟ್ ಶುರುವಾದಾಗ ಇದ್ದದ್ದು ಒಂದು ಬಾಡಿಗೆ ಕೋಣೆ, ವಾರಕ್ಕೊಮ್ಮೆ ಸೊರಬದಿಂದ ಬರುವ ಡಾಕ್ಟರು. ಕೈಯಲ್ಲಿ ಕಾಸಿರಲಿಲ್ಲ. ಸುಗ್ಗಿ ಬಂದರೆ ಹುಲಿಯಮ್ಮ ಚೀಲ ಹೊತ್ತು ಕೂಲಿಯವರ ಕೇರಿ ಸುತ್ತುತ್ತಿದ್ದಳು. "ಒಂದು ಮೊರ ಭತ್ತ ಹಾಕ್ರವ್ವಾ. ನಿಮ್ದೇ ಆಸ್ಪತ್ರೆ. ಔಷ್ದಿಗೆ ಯಾವತ್ತೂ ದುಡ್ಡು ಕೇಳಲ್ಲ." ಕೂಲಿಗೆ ಬಂದ ಭತ್ತದಲ್ಲೇ ಅವರು ಮೊರ ತುಂಬಿ ಸುರಿದರು. ಅದನ್ನು ಮಾರಿ ಬಾಡಿಗೆ ಕಟ್ಟಿದ್ದಾಯಿತು, ಮಾತ್ರೆ ತಂದದ್ದಾಯಿತು.

ಬರಬರುತ್ತ ದೊಡ್ಡ ದಾನಿಗಳು ಬಂದರು. ಕಟ್ಟಡ ಎದ್ದಿತು. ಅವರ ಹೆಸರು ಗೋಡೆಯ ಕಲ್ಲಿನ ಮೇಲೆ ಕೂತಿತು. ಬ್ಯಾಂಕಿನಲ್ಲಿ ಇಡುಗಂಟು ಬೆಳೆಯಿತು. ಬೆಳೆದಷ್ಟೂ ಅಧ್ಯಕ್ಷ ನಾಗರಾಜಪ್ಪನವರ ಕೈ ಬಿಗಿಯಾಯಿತು. ಇಡುಗಂಟು ಮುಟ್ಟಬಾರದು, ಬಡ್ಡಿಯೂ ಅದಕ್ಕೇ ಸೇರಬೇಕು, ಉಚಿತ ಔಷಧಿ ಬಂದ್. ಹತ್ತಿದ ಏಣಿ ಒದೆಯುವುದೆಂದರೆ ಇದೇ.

ಮಾತು ಕೇಳಿ ನಾಗರಾಜಪ್ಪನವರೇ ಹೊರಬಂದರು. "ಏನಮ್ಮ ಗಲಾಟೆ?"

"ನಾವೂ ಭತ್ತ ಹಾಕೀವ್ರಿ ಇದ್ಕೆ."

"ಅದು ದಾನ. ಕೊಟ್ಟ ಮೇಲೆ ಕೇಳಬಾರದು. ದುಡ್ಡು ಉಳಿಸಿದ್ರೆ ತಾನೇ ಆಸ್ಪತ್ರೆ ಉಳಿಯೋದು?"

"ಆಸ್ಪತ್ರೆ ಉಳೀತೈತ್ರಿ. ನನ್ ಮಗ್ಳು?"

ಚೌಡೇಶ್ವರಿ ಹುಲಿಯಮ್ಮನ ಕಡೆ ತಿರುಗಿದಳು. "ಇವ್ರು ನಂಗೇನ್ ಗೊತ್ತು? ನಿನ್ ಮಕ ನೋಡಿ ಸುರ್ದಿದ್ದೆ ನಾನು."

ಹುಲಿಯಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೂಲಿಯವರ ಕೇರಿಯ ಉಚ್ಚಂಗಪ್ಪನ ಹೆಂಡತಿಯನ್ನು ಹೀಗೇ ಬರಿಗೈಲಿ ಕಳಿಸಿದ್ದಳು. ಕುಬಟೂರಿನ ಮುದುಕಿಯನ್ನೂ ಕಳಿಸಿದ್ದಳು. ಆ ಮುದುಕಿ ಮತ್ತೆ ಬರಲೇ ಇಲ್ಲ. ಸಂಬಳ ಹೋದೀತೆಂಬ ಭಯಕ್ಕೆ ತಾನು ಕೊಟ್ಟ ಮಾತನ್ನು ತಾನೇ ಮಾರಿಕೊಂಡಿದ್ದಳು. ತನ್ನ ಮೇಲೇ ಅವಳಿಗೆ ಅಸಹ್ಯ ಬಂತು.

ಸೀದಾ ಹೋಗಿ ಫ್ರಿಜ್ ತೆಗೆದಳು. ಇನ್ಸುಲಿನ್ ಸೀಸೆಯನ್ನು ನರ್ಸ್ ಚೈತ್ರಶ್ರೀಯ ಕೈಗಿಟ್ಟಳು. "ಹಾಕವ್ವಾ."

"ಹುಲಿಯಮ್ಮಾ, ಅವಳು ದುಡ್ಡು ಕಟ್ಟಿಲ್ಲ!" ನಾಗರಾಜಪ್ಪನವರು ಕೂಗಿದರು.

"ಕಟ್ಟ್ಯಾಳ್ರಿ. ಇಸ್ಕೊಂಡು ಬಂದಾಕಿ ನಾನೇ."

ಚೈತ್ರಶ್ರೀ ಅಧ್ಯಕ್ಷರ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ಬೇಗ ಬೇಗ ಸಕ್ಕರೆ ಪರೀಕ್ಷೆ ಮಾಡಿ ಸೂಜಿ ಹಾಕಿದಳು.

"ನಾಳೆಯಿಂದ ನೀನು ಇಲ್ಲಿಗೆ ಬರಬೇಡ," ಎಂದರು ನಾಗರಾಜಪ್ಪನವರು ಹುಲಿಯಮ್ಮನಿಗೆ.

"ಬರ್ತೀನ್ರಿ," ಎಂದಳು ಹುಲಿಯಮ್ಮ. "ಕೆಲ್ಸಕ್ಕಲ್ಲ. ಇಷ್ಟು ದಿನ ಯಾರ್ಯಾರ್ನ ವಾಪಸ್ ಕಳ್ಸೀನೋ, ಬದುಕಿರೋರ್ನೆಲ್ಲ ಕರ್ಕೊಂಡು ಬರ್ತೀನಿ."