ಏರಿನಲ್ಲಿ ಕಾಣೆಯಾದ ಹೊಗೆ

ಬಸ್ಸು ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತಾ ಏರು ಹತ್ತುತ್ತಿದ್ದಾಗ ಹಿಂದಿನಿಂದ ಹೊಗೆ ಮೇಡಂ ಕೂಗಿದಳು: "ಅಣ್ಣ, ಸ್ವಲ್ಪ ಪಕ್ಕಕ್ಕೆ ನಿಲ್ಸಿ."

ಡ್ರೈವರ್ ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ತಾನು ಹಣೆ ಒತ್ತಿಕೊಂಡದ್ದನ್ನು ನೋಡಿಬಿಟ್ಟಳು ಎಂದುಕೊಂಡ.

ಡೀಸೆಲ್ ಗಾಡಿಗಳು ಉಗುಳುವ ಮಸಿಯನ್ನೂ ಇಂಗಾಲವನ್ನೂ ಓಡುವ ರಸ್ತೆಯಲ್ಲೇ ಅಳೆಯುವುದು ಅವಳ ಕೆಲಸ. ಹೊಗೆ ಮೇಡಂ ಎಂಬುದು ಡಿಪೋದವರಿಟ್ಟ ಹೆಸರು. ಬೆಳಿಗ್ಗೆಯೇ ಬಂದು ಹೊಗೆ ಕೊಳವೆಯ ಬಾಯಿಗೆ ಪೈಪು ಸಿಕ್ಕಿಸಿ, ಹಿಂದಿನ ಸೀಟಿಗೆ ತನ್ನ ಯಂತ್ರಗಳನ್ನು ಬಿಗಿದಿದ್ದಳು. ಜನರ ತೂಕಕ್ಕೆಂದು ಸೀಟುಗಳ ಮೇಲೆಲ್ಲ ಮರಳಿನ ಚೀಲಗಳು. ಇಷ್ಟು ಒಳ್ಳೆಯ ಪ್ರಯಾಣಿಕರನ್ನು ತಾನು ಕಂಡೇ ಇಲ್ಲ, ಚಿಲ್ಲರೆಗೆ ಜಗಳವಿಲ್ಲ, ಸ್ಟಾಪು ದಾಟಿದ ಮೇಲೆ ಎಚ್ಚರವಾಗಿ ಬೈಯುವುದಿಲ್ಲ ಎಂದು ಅವನು ಅವಳನ್ನು ನಗಿಸಿದ್ದ.

ಆದರೆ ಈ ಏರು ಬಂತೆಂದರೆ ಅವನಿಗೆ ನಗು ಬರುತ್ತಿರಲಿಲ್ಲ. ಕೆಲವು ತಿಂಗಳಿಂದ ತಲೆ ಸಿಡಿಯುತ್ತಿತ್ತು, ಕಣ್ಣು ತೂಗುತ್ತಿತ್ತು. ಕನ್ನಡಕ ಬದಲಿಸಿದ, ಕಾಫಿ ಬಿಟ್ಟ. ಒಂದು ಸಲ ಬಸ್ಸು ಪಾದಚಾರಿ ದಾರಿಗೆ ಹತ್ತಿಬಿಟ್ಟಾಗ ಮ್ಯಾನೇಜರು ಹತ್ತಿರ ಕರೆದು ಬಾಯಿ ಮೂಸಿದ್ದರು. ಕುಡಿಯುತ್ತಾನೆ ಎಂಬ ಗುಸುಗುಸು ಮನೆಯವರೆಗೂ ಹೋಗಿತ್ತು. ಸ್ಟೀರಿಂಗ್ ಬಿಟ್ಟು ಗೇಟು ಕಾಯುವ ಕೆಲಸವನ್ನಾದರೂ ಕೇಳೋಣವೆಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ.

ಅವಳು ಅವನನ್ನು ನೋಡಿಯೇ ಇರಲಿಲ್ಲ. ಅವಳ ಕಣ್ಣು ಪರದೆಯ ಮೇಲಿತ್ತು. ಸುಟ್ಟ ಡೀಸೆಲ್ಲಿನಲ್ಲಿ ಎಷ್ಟು ಇಂಗಾಲ ಇತ್ತೋ ಅಷ್ಟೂ ಹಿಂದಿನ ಕೊಳವೆಯಿಂದ ಬರಬೇಕು. ಸಮ ರಸ್ತೆಯಲ್ಲಿ ಲೆಕ್ಕ ಸರಿ ಇದೆ, ಏರಿನಲ್ಲಿ ಕಡಿಮೆ ಬರುತ್ತಿದೆ ಎಂದು ವಿವರಿಸಿದಳು. ಮಸಿ ಹಿಡಿಯುವ ಬಿಳಿ ಕಾಗದವೂ ಏರಿನಲ್ಲಿ ಕಪ್ಪಾಗುವ ಬದಲು ಬೆಳ್ಳಗೇ ಉಳಿದಿತ್ತು.

"ಅಂದ್ರೆ ಒಳ್ಳೇದಲ್ವಾ ಮೇಡಂ?"

"ಹೊಗೆ ಮಾಯ ಆಗಲ್ಲ ಅಣ್ಣ. ಇನ್ನೆಲ್ಲೋ ಹೋಗ್ತಿದೆ." ಅವಳು ಮುಂದೆ ಬಂದು ಎಂಜಿನ್ನಿನ ಪಕ್ಕ ನಿಂತಳು. "ಇಲ್ಲಿ ಹತ್ತುವಾಗ ನಿಮಗೇನಾದ್ರೂ ಆಗುತ್ತಾ?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೌದೆಂದರೆ ಕೆಲಸವೇ ಕೈತಪ್ಪಬಹುದು.

"ಆಗುತ್ತೆ," ಎಂದ. ಆಮೇಲೆ ಪಾದಚಾರಿ ದಾರಿಯ ವಿಷಯವನ್ನೂ ಬಿಡದೆ ಎಲ್ಲವನ್ನೂ ಹೇಳಿಬಿಟ್ಟ.

ಅವಳು ಅವನನ್ನು ಕೆಳಗಿಳಿಸಿ ಗಾಳಿಗೆ ಕೂರಿಸಿದಳು. ಡಿಪೋದಿಂದ ಮೆಕ್ಯಾನಿಕನನ್ನು ಕರೆಸಿ, ಕಿಟಕಿಗಳನ್ನೆಲ್ಲ ತೆರೆಸಿ, ಡ್ರೈವರ್ ಸೀಟಿಗೆ ವಿಷಗಾಳಿ ಅಳೆಯುವ ಚಿಕ್ಕ ಮೀಟರೊಂದನ್ನು ಕಟ್ಟಿ ಮೆಕ್ಯಾನಿಕನ ಕೈಯಲ್ಲಿ ಬಸ್ಸನ್ನು ಏರು ಹತ್ತಿಸಿದಳು. ಅರ್ಧ ಏರಿನಲ್ಲೇ ಮೀಟರಿನ ಗಂಟೆ ಬಡಿದುಕೊಳ್ಳತೊಡಗಿತು. ಮಧ್ಯಾಹ್ನ ಡಿಪೋದಲ್ಲಿ ಸೀಟಿನಡಿಯ ತಗಡು ಬಿಚ್ಚಿದರೆ ಒಳಗೆಲ್ಲ ಮಸಿ. ಹೊಗೆ ಕೊಳವೆಯ ಜೋಡಣೆ ಸಡಿಲವಾಗಿತ್ತು. ನಿಂತಲ್ಲಿ ಎಂಜಿನ್ ಓಡಿಸಿ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಭಾರ ಬಿದ್ದಾಗ ಮಾತ್ರ ಅದು ಬಾಯಿ ಬಿಟ್ಟು ಹೊಗೆಯನ್ನು ಡ್ರೈವರ್ ಸೀಟಿನತ್ತ ಕಕ್ಕುತ್ತಿತ್ತು.

ಮ್ಯಾನೇಜರು ತಗಡಿನ ಮಸಿಯನ್ನು ಬೆರಳಿಂದ ಉಜ್ಜಿ ನೋಡಿದರು. ಆಮೇಲೆ ತಾವೇ ಹೋಗಿ ಅವನಿಗೊಂದು ಕುರ್ಚಿ ತಂದು ಹಾಕಿ, ನಾಳೆ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋಗುವುದಾಗಿ ಹೇಳಿದರು.

ಅವನು ಹೆಂಡತಿಗೆ ಫೋನು ಮಾಡಿದ. "ತಪ್ಪು ಬಸ್ಸಿಂದಂತೆ ಕಣೇ. ನಂದಲ್ಲ." ಮೇಡಂ ಕಂಡುಹಿಡಿದದ್ದನ್ನೆಲ್ಲ ಹೇಳಿದ. ಫೋನು ಅವರ ಕೈಗೆ ಕೊಡಿ ಎಂದಳು ಹೆಂಡತಿ.

ಹೊಗೆ ಮೇಡಂಗೆ ಇದು ಹೊಸದು. ಅವಳು ಬಂದಳೆಂದರೆ ಗಾಡಿ ಮೂಲೆ ಸೇರುತ್ತದೆಂದು ಮುಖ ತಿರುಗಿಸುವವರೇ ಹೆಚ್ಚು.

"ಯಾರ ಮಗಳೋ ಏನೋ, ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ," ಎಂದಿತು ಫೋನಿನೊಳಗಿನ ದನಿ.

"ಆಯ್ತಕ್ಕ," ಎಂದಷ್ಟೇ ಹೇಳಿ ಅವಳು ಮಸಿಗೈಯಲ್ಲೇ ಕಣ್ಣೊರೆಸಿಕೊಂಡಳು. ಕೆನ್ನೆಯ ಮೇಲೆ ಕಪ್ಪು ಗೀಟು ಬಿತ್ತು. ಡ್ರೈವರ್ ನೀರು ತುಂಬಿದ ಚೊಂಬು ತಂದು ಅವಳ ಕೈಗೆ ಸುರಿದ.

ಹೊಸ ಜೋಡಣೆ ಹಾಕಿದ ಮೇಲೆ, ಡಾಕ್ಟರ ಒಪ್ಪಿಗೆ ಪಡೆದು, ಅವನು ಮತ್ತೆ ಅದೇ ಬಸ್ಸು ಹತ್ತಿದ. ಮೊದಲ ಭಾನುವಾರವೇ ಹೆಂಡತಿ ತಂಗಿಯ ಮನೆಗೆಂದು ಹೊರಟು ಅವನ ಬೆನ್ನ ಹಿಂದಿನ ಸೀಟಿನಲ್ಲೇ ಕುಳಿತಳು. ಏರು ಬಂತು. ಅವನು ನೋವಿಗಾಗಿ ಕಾದ, ಬರಲಿಲ್ಲ. ಅದನ್ನು ಹೇಳೋಣವೆಂದು ಕನ್ನಡಿ ನೋಡಿದ. ತಿಂಗಳುಗಟ್ಟಲೆ ಅವನು ಮನೆ ಸೇರುವವರೆಗೆ ಕಣ್ಣು ಮುಚ್ಚದವಳು ಕಿಟಕಿಗೆ ತಲೆಯಾನಿಸಿ, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದಳು.

ಮುಂದೆ ರಸ್ತೆಯುಬ್ಬು. ಅವನು ಗೇರು ಇಳಿಸಿ, ಮುಂದಿನ ಗಾಲಿಗಳನ್ನು ಮೆಲ್ಲಗೆ ದಾಟಿಸಿದ. ಹಿಂದಿನ ಗಾಡಿಗಳು ಹಾರನ್ ಬಾರಿಸುತ್ತಿದ್ದರೂ, ಹಿಂದಿನ ಗಾಲಿಗಳನ್ನು ಇನ್ನೂ ಮೆಲ್ಲಗೆ.