ಸಮುದ್ರ ಕಾದ ವರ್ಷ

"ಇಳ್ಸು ಬಕೀಟ್ನ. ಇಳ್ಸೇ ಅಂದ್ರೆ. ಉಚ್ಚೆ ಉಯ್ಯಕ್ಕೆ ಒಂದ್ ಬಕೀಟ್ ನೀರ್ ಬೇಕಾ ನಿಂಗೆ? ಯಾವೂರ್ ಮಾರಾಣಿನೇ ನೀನು?"

ಪುಟ್ಟಲಕ್ಷ್ಮಿ ಬಕೆಟ್ಟನ್ನು ನೆಲಕ್ಕಿಟ್ಟಳು. ಅದರಲ್ಲಿದ್ದದ್ದು ಒಳ್ಳೆಯ ನೀರೂ ಅಲ್ಲ. ಮೂರನೇ ಮಹಡಿಯ ಕಾರಿಡಾರು ಒರೆಸಿ, ಬಟ್ಟೆ ಹಿಂಡಿ ಹಿಂಡಿ ಕಪ್ಪಾದ ನೀರು. ಹೇಗೂ ಚೆಲ್ಲುವುದನ್ನು ಕಕ್ಕಸಿಗೆ ಸುರಿದುಕೊಳ್ಳುತ್ತೇವೆ, ಬೀಗ ತೆಗೆಯಿರಿ ಎಂದು ಕೇಳೋಣವೆಂದು ಬೇಸ್‌ಮೆಂಟಿನವರೆಗೆ ಹೊತ್ತು ತಂದಿದ್ದಳು. ಬಾಯಿ ಬಿಡುವ ಮೊದಲೇ ಮೇಸ್ತ್ರಿ ಚಿಕ್ಕಬೈರಪ್ಪ ಎದುರಾಗಿದ್ದ.

"ಒರ್ಸಿದ್ ನೀರು ಬೈರಪ್ಪಣ್ಣ. ಎಂಗೂ ಚೆಲ್ಲಾದೇ ಅಲ್ವಾ."

"ಚೆಲ್ಲಂಗಿದ್ರೆ ಗಿಡಕ್ಕೆ ಚೆಲ್ಲು. ಗಿಡಕ್ಕಾದ್ರೂ ನಿಯತ್ತೈತೆ, ಊವ ಬಿಡ್ತದೆ. ನೀವೇನ್ ಬಿಡ್ತೀರಾ, ಮುಂಡೇವಾ?"

ಕಾರಿಗೆ ಒರಗಿ ನಿಂತಿದ್ದ ಡ್ರೈವರುಗಳಿಬ್ಬರು ನಕ್ಕರು. ಪುಟ್ಟಲಕ್ಷ್ಮಿ ತಲೆ ತಗ್ಗಿಸಿದಳು. ಅವನ ಅಂಗಿ ಮೇಲೆದ್ದ ಕಡೆ, ಉಡುದಾರಕ್ಕೆ ಸಿಕ್ಕಿಸಿದ ಬೀಗದ ಕೈ ಕಾಣುತ್ತಿತ್ತು.

"ಇಂಗೆ ಎಷ್ಟ್ ದಿವ್ಸ ಅಣ್ಣ?"

"ನನ್ನೇನ್ ಕೇಳ್ತೀಯಾ? ಎಲ್ಲೋ ದೂರದ್ ಸಮುದ್ರ ಕಾದೋಗೈತಂತೆ. ಅದ್ಕೇ ಇಲ್ಲಿ ಮಳೆ ಉಯ್ದಿಲ್ವಂತೆ, ಬೋರ್ ಒಣಗೈತಂತೆ. ಸೆಕ್ರೆಟ್ರಿ ಸಾರು ಏಳವ್ರೆ. ಅದ್ರ ತಳ್ದಾಗೆ ನಾನೇನ್ ಒಲೆ ಅಚ್ಚಿದ್ನಾ? ಓಗು, ಬಿ ಬ್ಲಾಕ್ ಮೆಟ್ಲು ಅಂಗೇ ಬಿದ್ದೈತೆ."

ಅಲ್ಲಾಳಸಂದ್ರ ಕೆರೆಯ ಆಚೆ ಬದಿಗೆ ನಿಂತ ಆ ಅಪಾರ್ಟ್‌ಮೆಂಟಿನಲ್ಲಿ ಶಿವರಾತ್ರಿ ಕಳೆಯುತ್ತಿದ್ದಂತೆ ಬೋರುಗಳು ಒಂದೊಂದಾಗಿ ಕೈಕೊಟ್ಟಿದ್ದವು. ಟ್ಯಾಂಕರು ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಅಸೋಸಿಯೇಷನ್ನಿನವರು ಸೇರಿ ಈಜುಕೊಳ ಮುಚ್ಚಿಸಿದರು, ಕಾರು ತೊಳೆಯುವುದನ್ನು ಭಾನುವಾರಕ್ಕೆ ಇಟ್ಟುಕೊಂಡರು, ಬೇಸ್‌ಮೆಂಟಿನಲ್ಲಿದ್ದ ಕೆಲಸದವರ ಕಕ್ಕಸಿಗೆ ಬೀಗ ಹಾಕಿಸಿದರು. ವಾಚ್‌ಮನ್ನುಗಳಿಗೆ, ಡ್ರೈವರುಗಳಿಗೆ ಹಿಂದಿನ ಗೋಡೆ ಇತ್ತು. ಗುಡಿಸಿ ಒರೆಸುವ ಹೆಂಗಸರು ಮೂವರು: ಪುಟ್ಟಲಕ್ಷ್ಮಿ, ಕುಲ್ಸುಮ್, ದಾಕ್ಷಾಯಣಿ. ಬೆಳಗ್ಗೆ ಒಳಗೆ ಬಂದರೆ ಸಂಜೆಯೇ ಹೊರಗೆ. ಕ್ಲಬ್‌ಹೌಸಿನದು, ಜಿಮ್ಮಿನದು, ಆಫೀಸಿನದು ಎಂದು ದಿನವೂ ಕಕ್ಕಸು ತೊಳೆಯುತ್ತಿದ್ದರು. ತೊಳೆಯಬಹುದಿತ್ತು, ಕೂರುವಂತಿರಲಿಲ್ಲ.

ಉಪಾಯ ಕಂಡುಹಿಡಿದವಳು ದಾಕ್ಷಾಯಣಿ. ಆಗ ರಂಜಾನ್ ನಡೆಯುತ್ತಿತ್ತು. ಕುಲ್ಸುಮ್ ರೋಜಾ ಹಿಡಿದು, ಹನಿ ನೀರು ಮುಟ್ಟದೆ ಸಂಜೆಯವರೆಗೆ ಗುಡಿಸುವುದನ್ನು ನೋಡಿ, "ಇವ್ಳ್ ಇರಕ್ಕಾದ್ರೆ ನಾವ್ ಇರಕ್ಕಾಗಲ್ವೇನೆ? ಕುಡುದ್ರೆ ತಾನೆ ಬರಾದು," ಎಂದಳು. ಮೂವರಲ್ಲಿ ಹಿರಿಯಳು ಅವಳೇ, ಅವಳ ಮಾತನ್ನು ಪುಟ್ಟಲಕ್ಷ್ಮಿ ತೆಗೆದುಹಾಕುವವಳಲ್ಲ. ಮಾರನೆಯ ದಿನದಿಂದ ಇಬ್ಬರೂ ಬಾಟಲಿ ತರುವುದನ್ನು ಬಿಟ್ಟರು. ಬೆಳಗಿನ ಕಾಫಿಯನ್ನೂ ಬಿಟ್ಟರು.

"ನಮ್ದು ಕಕ್ಕಸ್ ರೋಜಾ ಕುಲ್ಸುಮಕ್ಕ," ಎಂದಳು ಪುಟ್ಟಲಕ್ಷ್ಮಿ.

ಕುಲ್ಸುಮ್ ಎರಡೂ ಕೆನ್ನೆ ತಟ್ಟಿಕೊಂಡಳು. "ತೋಬಾ ತೋಬಾ. ಅಂಗೆಲ್ಲ ಅನ್ಬಾರ್ದು ಪುಟ್ಟಿ. ಸಂಜೆಗೆ ನಂಗೆ ಖರ್ಜೂರ ಐತೆ, ನಿಂಗೇನೈತೆ?"

"ನಂಗೆ ನಮ್ಮನೆ ಕಕ್ಕಸ್ ಐತಲ್ಲ."

ಹೀಗೆ ನಗುತ್ತ ತಿಂಗಳು ಕಳೆಯಿತು. ಕುಲ್ಸುಮ್ ಬೆಳಗಿನ ಜಾವ ಊಟಕ್ಕೆ ಎದ್ದಾಗಲೂ ನೀರು ಕುಡಿಯುವುದನ್ನು ಬಿಟ್ಟಿದ್ದಳು. ಕುಡಿದರೆ ಕೆಲಸದ ಹೊತ್ತಿಗೆ ಒತ್ತರಿಸಿಕೊಂಡು ಬರುತ್ತಿತ್ತು. ಹಬ್ಬ ಮುಗಿದ ಮಾರನೆಯ ದಿನ ಅವಳು ಶೀರ್‌ಖುರ್ಮಾ ಪಾಯಸ ತಂದಳು. ಮೆಟ್ಟಿಲ ಕೆಳಗೆ ಕೂತು ಮೂವರೂ ಬೆರಳು ನೆಕ್ಕಿ ತಿಂದರು. ತಿಂದ ಮೇಲೆ ಯಾರೂ ನೀರು ಕುಡಿಯಲಿಲ್ಲ. ಬೀಗ ಹಾಗೇ ಇತ್ತು.

ಅಸೋಸಿಯೇಷನ್ನಿನ ಸೆಕ್ರೆಟರಿ ಉಪೇಂದ್ರ ಎಂದೂ ಏಕವಚನದಲ್ಲಿ ಮಾತಾಡಿದವರಲ್ಲ. ಲಿಫ್ಟಿನ ಬಳಿ ಮೂವರನ್ನೂ ನಿಲ್ಲಿಸಿ ಒಮ್ಮೆ ಹೇಳಿದ್ದರು: "ಗುಡ್. ಎಷ್ಟು ಚೆನ್ನಾಗಿ ಅಡ್ಜಸ್ಟ್ ಮಾಡ್ಕೊಂಡ್ರಿ ನೋಡಿ. ನಮ್ಮ ರೆಸಿಡೆಂಟ್ಸ್ ನಿಮ್ಮನ್ನ ನೋಡಿ ಕಲೀಬೇಕು." ಪುಟ್ಟಲಕ್ಷ್ಮಿಗೆ ಆವತ್ತು ಹೆಮ್ಮೆಯಾಗಿತ್ತು. ಮನೆಗೆ ಹೋಗಿ ಅವ್ವನಿಗೆ ಹೇಳಿಕೊಂಡಿದ್ದಳು ಕೂಡ.

ದಾಕ್ಷಾಯಣಿಗೆ ಸಕ್ಕರೆ ಕಾಯಿಲೆ. ಕುಡಿಯದಿದ್ದರೂ ಅವಳಿಗೆ ತಡೆಯಲು ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಂಪ್‌ಹೌಸಿನ ಹಿಂದೆ ಹೋಗಿ ಕೂತಳು. ಮೇಲಿನ ಯಾವುದೋ ಬಾಲ್ಕನಿಯಿಂದ ಯಾರೋ ಫೋಟೋ ತೆಗೆದರು. ಸಂಜೆಯೊಳಗೆ ಅದು ಎಲ್ಲ ಮನೆಗಳ ಫೋನಿಗೂ ಹೋಗಿತ್ತು. ಉಪೇಂದ್ರ ಮೂವರನ್ನೂ ಆಫೀಸಿಗೆ ಕರೆಸಿ, ಫೋನನ್ನು ಅವರ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟರು.

"ಯಾರಮ್ಮ ಇದು?"

ಹಿಂದಿನಿಂದ ತೆಗೆದ ಫೋಟೋ. ನೀಲಿ ಕೋಟು ಮೂವರದೂ ಒಂದೇ, ತಲೆಗೆ ಕಟ್ಟಿದ ವಸ್ತ್ರವೂ ಒಂದೇ. ಎತ್ತಿ ಹಿಡಿದ ಸೀರೆಯ ಕೆಳಗಿನ ಊದಿದ ಕಾಲು ನೋಡಿ ಪುಟ್ಟಲಕ್ಷ್ಮಿಗೆ ಗೊತ್ತಾಯಿತು. ಅವಳು ಕಿಟಕಿಯ ಕಡೆ ನೋಡಿದಳು. ದಾಕ್ಷಾಯಣಿ ನೆಲ ನೋಡಿದಳು.

"ಮಕ್ಕಳು ಆಡೋ ಜಾಗ ಅದು. ಹೈಜೀನ್ ಅಂತ ಒಂದಿರುತ್ತೆ. ಹೇಳಲ್ವಾ? ಸರಿ, ಮೂರು ಜನಾನೂ ಸೇರಿ ಕ್ಲೀನ್ ಮಾಡಿ."

ಪಂಪ್‌ಹೌಸಿನ ಗೋಡೆ ತಿಕ್ಕುವುದಕ್ಕೆ ಚಿಕ್ಕಬೈರಪ್ಪ ಕೇಳದೆಯೇ ಎರಡು ಬಕೆಟ್ ತಿಳಿ ನೀರು ಕೊಟ್ಟ, ಮೇಲೆ ಫಿನಾಯಿಲು. "ಚೆನ್ನಾಗ್ ಉಯ್ಯಿ, ಜಿಪುಣ್ತನ ಮಾಡ್ಬೇಡ. ವಾಸ್ನೆ ಓಗ್ಲಿ," ಎನ್ನುತ್ತ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದ.

ಏಪ್ರಿಲ್ ಮುಗಿಯುವ ಹೊತ್ತಿಗೆ ಕುಲ್ಸುಮ್ ನಡೆಯುವ ರೀತಿ ಬದಲಾಯಿತು. ಕಾಲು ಅಗಲಿಸಿ, ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು. ಸಂಜೆ ಬಸ್ಸಿಗೆ ಕಾಯುವಾಗ ಪುಟ್ಟಲಕ್ಷ್ಮಿಯ ಕೈ ಹಿಡಿದುಕೊಂಡಳು. ಅಂಗೈ ಸುಡುತ್ತಿತ್ತು.

"ಉರಿ ಪುಟ್ಟಿ. ಮೆಣಸಿನ್‌ಪುಡಿ ಹಾಕ್ದಂಗೆ. ನಿನ್ನೆಯಿಂದ ರಕ್ತ ಬರ್ತೈತೆ."

ಯಲಹಂಕದಲ್ಲಿ ಡಾಕ್ಟರಮ್ಮ ಮಾತ್ರೆ ಕೊಟ್ಟು ಬೈದಿದ್ದರಂತೆ. ನೀರು ಕುಡಿ, ಬಂದಾಗ ಹೋಗು, ಇನ್ನೂ ತಡೆದುಕೊಂಡರೆ ಸೋಂಕು ಕಿಡ್ನಿಗೆ ಏರುತ್ತೆ ಅಂದರಂತೆ.

"ರಜಾ ಆಕು ಮತ್ತೆ."

"ಹಾಕಿದ್ರೆ ಬೈರಪ್ಪ ನಾಳೆನೇ ಬೇರೆಯವ್ರನ್ನ ತರ್ತಾನೆ. ಗೇಟಾಗೆ ಸಾಲು ನಿಂತೈತೆ."

"ಅಂಗಾರೆ ನಾನ್ ಕೇಳ್ತೀನಿ ಸೆಕ್ರೆಟ್ರಿ ಸಾರ್ನ. ಬಾನ್ವಾರ ಮೀಟಿಂಗೈತಲ್ಲ, ಅಲ್ಲೇ ಕೇಳ್ತೀನಿ. ನಿನಗೊಬ್ಳಿಗಾದ್ರೂ ಬೀಗ ತೆಗೀಲಿ."

"ನೀನಾ?" ಅಷ್ಟು ಉರಿಯಲ್ಲೂ ಕುಲ್ಸುಮ್ ನಕ್ಕಳು. "ಸ್ಟಾಪ್ ಬಂತು ಅಂತ ಕಂಡಕ್ಟರ್‌ಗೆ ಹೇಳಕ್ಕೂ ನನ್ನೇ ಮುಂದಕ್ ದಬ್ತೀಯಾ."

ಭಾನುವಾರದ ಸಭೆ ಕ್ಲಬ್‌ಹೌಸಿನಲ್ಲಿ. ಸಿ ಬ್ಲಾಕಿಗೆ ಹೊಸದಾಗಿ ಬಂದ ಸಂಹಿತಾ ಮೇಡಂ ಹವಾಮಾನ ಓದಿದವರು. ಈ ಸಲ ಯಾಕೆ ನೀರಿಲ್ಲ ಎಂಬುದನ್ನು ಅವರು ತಿಳಿಸಿ ಹೇಳುವವರಿದ್ದರು. ಮೂವರೂ ಕುರ್ಚಿ ಹಾಕಿದರು, ನಿಂಬೆ ಶರಬತ್ತಿನ ಲೋಟ ಜೋಡಿಸಿದರು, ಕುರ್ಚಿಗಳ ಹಿಂದೆ ಗೋಡೆ ಬದಿಗೆ ಹೋಗಿ ನಿಂತರು.

ಪರದೆಯ ಮೇಲೆ ಭೂಮಿಯ ನಕ್ಷೆ ಮೂಡಿತು. ಸಮುದ್ರದ ನಡುವೆ ಬರೆ ಎಳೆದಂತೆ ಕೆಂಪು ಪಟ್ಟಿ.

"ಇದು ಪೆಸಿಫಿಕ್," ಎಂದರು ಸಂಹಿತಾ. "ಸಾಮಾನ್ಯವಾಗಿ ಗಾಳಿ ಬಿಸಿನೀರನ್ನ ಈ ಕಡೆ, ಇಂಡೋನೇಷ್ಯಾ ಕಡೆಗೆ ತಳ್ತಾ ಇರುತ್ತೆ. ಕೆಲವು ವರ್ಷಕ್ಕೊಂದ್ಸಲ ಆ ಗಾಳಿ ಸೋತುಹೋಗುತ್ತೆ. ಆಗ ಬಿಸಿನೀರು ದಕ್ಷಿಣ ಅಮೆರಿಕದ ಕಡೆಗೆ ವಾಪಸ್ ಹರಡುತ್ತೆ. ಮೋಡಾನೂ ಅದರ ಹಿಂದೇನೇ ಹೋಗುತ್ತೆ. ನಮ್ಮ ಮುಂಗಾರು ಎಷ್ಟೋ ಸಲ ಸೊರಗೋದು ಅದಕ್ಕೇ. ಎಲ್ ನಿನೊ ಅಂತಾರೆ. ಅಲ್ಲಿನ ಮೀನುಗಾರರು ಇಟ್ಟ ಹೆಸರು, ಗಂಡು ಮಗು ಅಂತ ಅರ್ಥ."

"ಗಂಡ್ಮಗೂಗೇನು," ದಾಕ್ಷಾಯಣಿ ಪಿಸುಗುಟ್ಟಿದಳು, "ಗೋಡೆ ಐತೆ."

ಪುಟ್ಟಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡಳು. ಕುಲ್ಸುಮ್ ನಗಲಿಲ್ಲ. ಅವಳು ಕಣ್ಣು ಮುಚ್ಚಿ ತುಟಿ ಕಚ್ಚಿದ್ದಳು.

"ಇನ್ನು ಕೆಲವು ವರ್ಷ ಉಲ್ಟಾ. ಗಾಳಿ ಜೋರಾಗುತ್ತೆ, ಅದೇ ಜಾಗದ ಸಮುದ್ರ ತಣ್ಣಗಾಗುತ್ತೆ. ಅದು ಲಾ ನಿನಾ, ಹೆಣ್ಣು ಮಗು. ಆಗ ನಮಗೆ ಮಳೆ ಜಾಸ್ತಿಯಾಗೋ ಸಂಭವ. ಪ್ರತಿ ಸಲ ಹೀಗೇ ಆಗುತ್ತೆ ಅಂತೇನಿಲ್ಲ. ಆದ್ರೆ ಇದು ನಿಮಗೆ ನೆನಪಿರಬೇಕು."

ಪರದೆಗೆ ಇದೇ ಅಪಾರ್ಟ್‌ಮೆಂಟಿನ ಗೇಟು ಬಂತು. ಎರಡು ಮೂರು ವರ್ಷದ ಹಿಂದೆ ಕೆರೆ ತುಂಬಿ ಒಳಗೆ ನುಗ್ಗಿದ ದಿನದ ಫೋಟೋ. ಟ್ರ್ಯಾಕ್ಟರಿನ ಮೇಲೆ ಮನೆಯವರು ಸೂಟ್‌ಕೇಸು ಹಿಡಿದು ನಿಂತಿದ್ದರು. "ಅಯ್ಯೋ, ಅಲ್ನೋಡಿ ನಮ್ಮ ಆಕರ್ಷ್," ಎಂದು ಯಾರೋ ತೋರಿಸಿ ನಕ್ಕರು. ಟ್ರ್ಯಾಕ್ಟರಿನ ಪಕ್ಕ ನೀರಿನಲ್ಲಿ ಮೂರು ಬೆನ್ನುಗಳಿದ್ದವು. ಮನೆಯವರು ಹೋಟೆಲಿಗೆ, ನೆಂಟರ ಮನೆಗೆ ಹೋದ ಮೇಲೆ ಬೇಸ್‌ಮೆಂಟಿನ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹಾಕಿದವರು ಈ ಮೂವರೇ. ಗುಂಡಿ ಉಕ್ಕಿ, ಕಕ್ಕಸಿನದೆಲ್ಲ ಸೊಂಟದ ಸುತ್ತ ತೇಲುತ್ತಿತ್ತು. ಆಗಲೂ ಹೋಗಲು ಜಾಗವಿರಲಿಲ್ಲ. ಆ ನೀರಿನಲ್ಲೇ, ನಿಂತಲ್ಲೇ ಬಿಟ್ಟಿದ್ದರು. ಯಾರಿಗೂ ಗೊತ್ತಾಗಿರಲಿಲ್ಲ.

ಮುಂದಿನ ಸಾಲಿನಿಂದ ಒಬ್ಬಾಕೆ ಕೇಳಿದರು. "ಹಾಗಾದ್ರೆ ಇದು ಯಾರ ತಪ್ಪು ಮೇಡಂ?"

"ಸಮುದ್ರದ ಈ ಏರಿಳಿತ ಯಾರ ತಪ್ಪೂ ಅಲ್ಲ. ಸಾವಿರಾರು ವರ್ಷದಿಂದ ತಾನಾಗೇ ನಡ್ಕೊಂಡು ಬಂದಿದೆ. ಆದ್ರೆ ಇರೋ ನೀರನ್ನ ನಾವು..."

"ಕರೆಕ್ಟ್." ಉಪೇಂದ್ರ ಎದ್ದು ಚಪ್ಪಾಳೆ ತಟ್ಟಿದರು. "ಯಾರ ತಪ್ಪೂ ಅಲ್ಲ, ನೇಚರ್. ಅದು ತಣ್ಣಗಾಗೋವರೆಗೂ ಎಲ್ಲರೂ ಸ್ವಲ್ಪ ತಡ್ಕೋಬೇಕು, ಅಷ್ಟೇ. ಥ್ಯಾಂಕ್ಯೂ ಮೇಡಂ. ಜ್ಯೂಸ್ ತಗೊಳ್ಳಿ ಎಲ್ಲ."

ಪುಟ್ಟಲಕ್ಷ್ಮಿ ತಟ್ಟೆ ಹಿಡಿದು ನೇರ ಅವರ ಬಳಿಗೆ ಹೋದಳು.

"ಸಾರ್, ಕುಲ್ಸುಮ್‌ಗೆ..."

ಉಪೇಂದ್ರ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದರು. "ಐಸ್ ಹಾಕಿಲ್ವಾ?" ಎಂದು ಪಕ್ಕದವರ ಕಡೆ ತಿರುಗಿದರು. ಅವಳು ತಟ್ಟೆಯನ್ನು ಮುಂದಿನವರಿಗೆ ಒಡ್ಡಿದಳು.

ಆಗಲೇ ಚಿಕ್ಕಬೈರಪ್ಪನ ದನಿ ಕೇಳಿತು. "ಏಯ್ ಸಾಬಮ್ಮ, ಎತ್ತಗೆ?"

ಕುಲ್ಸುಮ್ ಗೋಡೆ ಹಿಡಿದುಕೊಂಡು ಕ್ಲಬ್‌ಹೌಸಿನ ಬಾತ್‌ರೂಮಿನ ಬಾಗಿಲವರೆಗೆ ಹೋಗಿದ್ದಳು. ಅವನು ಅಡ್ಡ ನಿಂತಿದ್ದ.

"ಅದು ಮನೆಯೋರ್ದು. ನಡಿ ಆಚೆ."

"ಒಂದೇ ನಿಮಿಷ ಬೈರಪ್ಪಣ್ಣ. ಆಗ್ತಿಲ್ಲ ನಂಗೆ."

ಎಲ್ಲರೂ ತಿರುಗಿದರು. ಉಪೇಂದ್ರ ಮೆಲ್ಲಗೆ, ಮುಜುಗರದಿಂದ ಹೇಳಿದರು: "ಅಲ್ಲಿ ಬೇಡಮ್ಮ. ಇಷ್ಟು ಜನ ಇದ್ದಾರೆ. ಬೇಕಾದ್ರೆ ಇವತ್ತು ಬೇಗ ಮನೆಗೆ ಹೋಗಿ."

ಕುಲ್ಸುಮಳ ಸೀರೆಯ ನೆರಿಗೆ ಕೆಳಗಿನಿಂದ ಕಪ್ಪಾಗುತ್ತ ಬಂತು. ಬಿಳಿ ಟೈಲ್ಸಿನ ಮೇಲೆ ಹರಿದದ್ದು ಹಳದಿಯಲ್ಲ, ಕೆಂಪು ಬೆರೆತದ್ದು. ಹತ್ತಿರ ಕೂತಿದ್ದವರೊಬ್ಬರು ಕುರ್ಚಿಯನ್ನು ಹಿಂದಕ್ಕೆಳೆದುಕೊಂಡರು. ಕುಲ್ಸುಮ್ ಸೆರಗಿನಿಂದ ಮುಖ ಮುಚ್ಚಿಕೊಂಡು ಹಾಗೇ ನಿಂತಳು.

"ಥೂ, ಅಲ್ಕಾ ಮುಂಡೆ," ಎಂದ ಚಿಕ್ಕಬೈರಪ್ಪ. "ಪುಟ್ಟಿ, ಬಂದ್ ಒರ್ಸೇ ಇದ್ನ."

ಪುಟ್ಟಲಕ್ಷ್ಮಿ ತಟ್ಟೆಯನ್ನು ಕುರ್ಚಿಯೊಂದರ ಮೇಲಿಟ್ಟಳು. ಮೂಲೆಯಲ್ಲಿದ್ದ ಒರೆಸುವ ಕೋಲನ್ನು ತೆಗೆದುಕೊಂಡಳು. ಜನ ದಾರಿ ಬಿಟ್ಟರು. ಅವಳು ಚಿಕ್ಕಬೈರಪ್ಪನ ಎದುರು ನಿಂತು ಕೋಲನ್ನು ಅವನ ಎದೆಗೆ ಚಾಚಿದಳು. ಅವನು ತಿಳಿಯದೆ ಹಿಡಿದುಕೊಂಡ.

"ನೀನ್ ಒರ್ಸು," ಎಂದಳು.

ಅವನು ಕೋಲು ನೋಡುತ್ತಿರುವಾಗಲೇ ಕುಲ್ಸುಮಳ ಹೆಗಲು ಹಿಡಿದು ಒಳಗೆ ನಡೆಸಿ, ಚಿಲಕ ಹಾಕಿದಳು.

ಒಳಗೆ ತಣ್ಣಗಿತ್ತು. ಕುಲ್ಸುಮಳನ್ನು ಕೂರಿಸಿದಳು, ನೆನೆದ ಸೀರೆ ಬಿಚ್ಚಿದಳು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಮಗುವಿನ ಕಾಲು ತೊಳೆದಂತೆ ಅವಳ ಕಾಲು ತೊಳೆದಳು. ಕುಲ್ಸುಮ್ ಬಗ್ಗಿ ಬೊಗಸೆಯೊಡ್ಡಿ ಕುಡಿದಳು, ಮತ್ತೆ ಕುಡಿದಳು. ಗಂಟಲಿನ ಸದ್ದು ಪುಟ್ಟಲಕ್ಷ್ಮಿಗೆ ಕೇಳುತ್ತಿತ್ತು.

ಬಾಗಿಲು ಅದುರಿತು. "ತೆಗಿಯೇ ಲೌಡಿ. ಕೆಲ್ಸ ಓಯ್ತು ಅಂತ ತಿಳ್ಕೊ ನಿಂದು."

"ಪುಟ್ಟಲಕ್ಷ್ಮಿ," ಇದು ಉಪೇಂದ್ರ. "ಟ್ಯಾಂಕಲ್ಲಿ ಇವತ್ತಿಗೆ ಇರೋದೇ ಅಷ್ಟು ನೀರು. ನಲ್ಲಿ ನಿಲ್ಸಿ. ಇಲ್ಲಿ ವಯಸ್ಸಾದವರಿದ್ದಾರೆ, ಅವರಿಗೆ ಬಾತ್‌ರೂಮ್ ಬೇಕು."

ಬಾಗಿಲಿನ ಈಚೆ ಯಾರ ಮುಖವೂ ಕಾಣದಿದ್ದುದಕ್ಕೋ ಏನೋ, ಅವಳಿಗೆ ಮಾತು ಸಲೀಸಾಗಿ ಬಂತು. "ತಡ್ಕೊಳ್ಳಕ್ ಏಳಿ ಸಾರ್. ನಾವ್ ತಡ್ಕಂಡಿಲ್ವಾ?"

ಹೊರಗೆ ಸಂಹಿತಾ ಮೇಡಂ ಏನೋ ಹೇಳಿದರು. ಉಪೇಂದ್ರ ಅವರಿಗೂ ದನಿ ಏರಿಸಿದರು. ಆಮೇಲೆ ಚಿಕ್ಕಬೈರಪ್ಪನಿಗೆ, "ನಿಂತ್ಕೊಂಡು ಏನ್ ನೋಡ್ತೀಯ? ವಾಲ್ವ್ ಕ್ಲೋಸ್ ಮಾಡು ಹೋಗು."

ಓಡುವ ಹೆಜ್ಜೆ ದೂರವಾಯಿತು. ಬಾಗಿಲಿಗೆ ಭಾರವಾದದ್ದೇನೋ ಒರಗಿ, ನಿಧಾನವಾಗಿ ಕೆಳಗಿಳಿದು ಕೂತ ಸದ್ದಾಯಿತು.

"ಪುಟ್ಟಿ, ನಾನು," ಎಂದಳು ದಾಕ್ಷಾಯಣಿ. "ಇನ್ ತಟ್ಟೋರು ನನ್ ಬೆನ್ ಮ್ಯಾಲೇ ತಟ್ಬೇಕು. ಆಯ್ತಾ ಅವ್ಳ್ದು? ಆಮ್ಯಾಕೆ ನಂದು."

ನಲ್ಲಿ ಕೆಮ್ಮಿತು. ನೀರು ಎಳೆಯಾಯಿತು, ಹನಿಯಾಯಿತು, ನಿಂತಿತು. ಕುಲ್ಸುಮ್ ಅರ್ಧ ತುಂಬಿದ ಬೊಗಸೆಯನ್ನು ಹಿಡಿದೇ ಇದ್ದಳು.

"ನೀರ್ ನಿಂತೋಯ್ತು ಅಕ್ಕ," ಎಂದಳು ಪುಟ್ಟಲಕ್ಷ್ಮಿ.

"ನಿಂತ್ರೆ ನಿಂತ್ಕಳ್ಲಿ. ನಂಗ್ ಬಂದಿರಾದ್ ನಿಲ್ಲಲ್ಲ," ಎಂದಳು ದಾಕ್ಷಾಯಣಿ. "ಬಾಗ್ಲು ತೆಗಿ."

ಪುಟ್ಟಲಕ್ಷ್ಮಿ ಚಿಲಕ ಸರಿಸಿದಳು.